ಕೋವಿಡ್ ಕಾಲದ ಹಲ್ಲಿನ ಸುದ್ದಿ: ತಲೆಬರಹ ಎಲ್ಲಿ ಜಾರಿತು?

ಕೊನೆಪುಟ:
ಆರೋಗ್ಯ ಪುಟಕ್ಕೆ ಹೊಸದಾಗಿ ಬರುವ ಉಪಸಂಪಾದಕರಿಗೆ ಕೊಡಲು ಒಂದು ಟಿಪ್ಪಣಿ ತಯಾರಾಗುತ್ತಿದೆ. 2020 ಮತ್ತು 2021ರಲ್ಲಿ ಹಲ್ಲಿನ ಚಿಕಿತ್ಸೆ ಬಗ್ಗೆ ಬಂದ ಸುದ್ದಿಗಳನ್ನು ಸಾಲಾಗಿ ಇಟ್ಟು ನೋಡಿ. ಮಾರ್ಚ್‌ನಲ್ಲಿ ‘ಅತಿ ಅಪಾಯದ ಕೆಲಸ ದಂತವೈದ್ಯರದ್ದು’. ಆಗಸ್ಟ್‌ನಲ್ಲಿ ‘ಹಲ್ಲಿನ ಆಸ್ಪತ್ರೆಗೆ ಹೋಗಬೇಡಿ’. ಸೆಪ್ಟೆಂಬರ್‌ನಲ್ಲಿ ‘ಒತ್ತಡಕ್ಕೆ ಹಲ್ಲು ಬಿರುಕು’. ನವೆಂಬರ್‌ನಲ್ಲಿ ‘ಬಾಯಿ ಮುಕ್ಕಳಿಸಿ, ಕೊರೊನಾ ಕೊಲ್ಲಿ’. ಮರುವರ್ಷ ಮೇನಲ್ಲಿ ‘ಹಲ್ಲುನೋವೇ? ಕಪ್ಪು ಶಿಲೀಂಧ್ರ ಇದ್ದೀತು!’ ಇವು ಯಾವುದೋ ಒಂದು ಪತ್ರಿಕೆಯ ಮಾತುಗಳಲ್ಲ. ಇಂಗ್ಲಿಷ್, ಕನ್ನಡ ಎರಡರಲ್ಲೂ ಧಾಟಿ ಹೀಗೇ ಇತ್ತು.

ತಮಾಷೆ ಏನೆಂದರೆ ಇವುಗಳಲ್ಲಿ ಅಪ್ಪಟ ಸುಳ್ಳು ಒಂದೂ ಇಲ್ಲ. ಪ್ರತಿಯೊಂದರ ಹಿಂದೆಯೂ ಒಂದು ದಾಖಲೆ ಇದೆ. ಆದರೂ ಓದಿದವರು ತಿಳಿದುಕೊಂಡದ್ದು ಬೇರೆ. ದಾಖಲೆಯಿಂದ ತಲೆಬರಹಕ್ಕೆ ಬರುವ ದಾರಿಯಲ್ಲಿ ಏನು ಉದುರಿತು? ವಿಷಯ ಗೊತ್ತಿರುವವರು ಖಚಿತವಾಗಿ ಹೇಳಿ. ‘ಮಾಧ್ಯಮದವರೇ ಹಾಗೆ’ ಅನ್ನುವ ಉತ್ತರ ಬೇಡ, ಅದು ಈಗಾಗಲೇ ಸಾಕಷ್ಟಿದೆ.

ಅಂಕಿಬುರುಕ:
ಮೊದಲನೆಯದರಿಂದ ಶುರು ಮಾಡೋಣ. ಅದರ ಮೂಲ ‘ನ್ಯೂಯಾರ್ಕ್ ಟೈಮ್ಸ್’ 2020ರ ಮಾರ್ಚ್ 15ರಂದು ಹಾಕಿದ ಒಂದು ನಕ್ಷೆ. ಒಂದು ಅಕ್ಷದಲ್ಲಿ ಕೆಲಸ ಮಾಡುವಾಗ ಇನ್ನೊಬ್ಬರಿಗೆ ಎಷ್ಟು ಹತ್ತಿರ ಇರುತ್ತೀರಿ, ಇನ್ನೊಂದರಲ್ಲಿ ಎಷ್ಟು ಸಲ ರೋಗಕ್ಕೆ ಒಡ್ಡಿಕೊಳ್ಳುತ್ತೀರಿ. ಎರಡೂ ಹೆಚ್ಚಿರುವ ಮೂಲೆಯಲ್ಲಿ ದಂತವೈದ್ಯರು, ಹಲ್ಲು ಸ್ವಚ್ಛ ಮಾಡುವ ಹೈಜೀನಿಸ್ಟ್‌ಗಳು.

ಆ ಅಂಕಗಳು ಬಂದದ್ದು ಅಮೆರಿಕದ ಕಾರ್ಮಿಕ ಇಲಾಖೆಯ ‘ಓನೆಟ್’ ಎಂಬ ಉದ್ಯೋಗ ಮಾಹಿತಿ ಕೋಶದಿಂದ. ಅದು ಸಮೀಕ್ಷೆ. ‘ನಿಮ್ಮ ಕೆಲಸದಲ್ಲಿ ರೋಗ ಅಥವಾ ಸೋಂಕಿಗೆ ಎಷ್ಟು ಬಾರಿ ಒಡ್ಡಿಕೊಳ್ಳಬೇಕಾಗುತ್ತದೆ’ ಎಂದು ಕೇಳಿ, ದಿನವೂ ಎಂದರೆ 100ಕ್ಕೆ 100 ಕೊಡುತ್ತಾರೆ. ಕೋವಿಡ್ ಹುಟ್ಟುವ ಮೊದಲೇ ಸಂಗ್ರಹಿಸಿದ ಮಾಹಿತಿ ಅದು. ಎಷ್ಟು ಜನ ದಂತವೈದ್ಯರಿಗೆ ಸೋಂಕು ತಗುಲಿತು ಎಂಬ ಲೆಕ್ಕ ಅದರಲ್ಲಿ ಇಲ್ಲ, ಇರುವುದಕ್ಕೆ ಸಾಧ್ಯವೂ ಇರಲಿಲ್ಲ. ಮಾಸ್ಕ್ ಹಾಕಿದ್ದಾರೋ ಇಲ್ಲವೋ ಅನ್ನುವುದೂ ಅಂಕಕ್ಕೆ ಸೇರಿಲ್ಲ. ಬೇರೆ ಪತ್ರಿಕೆಗಳು ಅದನ್ನು ಎತ್ತಿ ಬಳಸಿದಾಗ ‘ಒಡ್ಡಿಕೊಳ್ಳುವ ಅವಕಾಶ’ ಅನ್ನುವುದು ‘ಸೋಂಕು ತಗುಲುವ ಪ್ರಮಾಣ’ ಆಗಿಬಿಟ್ಟಿತು. ಉದುರಿದ್ದು ಇದು.

ಏರೋಟರ್:
ಸರಿಯಾಗಿ ಹೇಳಿದಿರಿ. ಅದಕ್ಕೆ ಬಂದ ಉತ್ತರವನ್ನು ಯಾರೂ ಮುಖಪುಟಕ್ಕೆ ತರಲಿಲ್ಲ ನೋಡಿ. 2020ರ ಜೂನ್‌ನಲ್ಲಿ ಅಮೆರಿಕದ 2,195 ದಂತವೈದ್ಯರನ್ನು ಸಮೀಕ್ಷೆ ಮಾಡಿದಾಗ ಸೋಂಕು ತಗುಲಿದ್ದವರ ಅಂದಾಜು ಶೇ 0.9. ಹೈಜೀನಿಸ್ಟ್‌ಗಳಲ್ಲಿ, 4,776 ಜನರ ಸಮೀಕ್ಷೆ, ಅದೇ ವರ್ಷ ಅಕ್ಟೋಬರ್ ಹೊತ್ತಿಗೆ ಶೇ 3.1. ಅತಿ ಅಪಾಯದ ಮೂಲೆಯಲ್ಲಿ ಕೂರಿಸಿದವರ ಲೆಕ್ಕ ಇದು!

ಅಂಕಿಬುರುಕ:
ನಿಲ್ಲಿ, ನಿಲ್ಲಿ. ಅದನ್ನೂ ಹಾಗೇ ನುಂಗಬೇಡಿ. ಒಂದು, ಅಮೆರಿಕದ ಕ್ಲಿನಿಕ್‌ಗಳು ಮಾರ್ಚ್‌ನಿಂದ ತುರ್ತು ಬಿಟ್ಟು ಉಳಿದದ್ದನ್ನು ನಿಲ್ಲಿಸಿದ್ದವು. ಜೂನ್ ಎಂದರೆ ಆಗಷ್ಟೇ ತೆರೆದ ಹೊತ್ತು. ಎರಡು, ತಾವೇ ಒಪ್ಪಿ ಉತ್ತರಿಸಿದವರ ಸಮೀಕ್ಷೆ. ಕಾಯಿಲೆ ಬಿದ್ದು ಮಲಗಿದವನು ಸಮೀಕ್ಷೆ ತುಂಬುತ್ತಾನೆಯೇ? ಮೂರು, ಅದನ್ನು ನಡೆಸಿದ್ದು ದಂತವೈದ್ಯರದೇ ಸಂಘದ ಸಂಶೋಧಕರು. ಶೇ 0.9 ಸುಳ್ಳು ಅನ್ನುತ್ತಿಲ್ಲ. ಆ ತಿಂಗಳಲ್ಲಿ, ಆ ಮುನ್ನೆಚ್ಚರಿಕೆಯಲ್ಲಿ, ಉತ್ತರಿಸಿದವರಲ್ಲಿ ಇಷ್ಟು, ಅಷ್ಟೇ. ಉತ್ತರಿಸಿದವರಲ್ಲಿ ಬಹುತೇಕ ಎಲ್ಲರೂ, ಶೇ 99.7, ಸೋಂಕು ತಡೆಯ ಕ್ರಮ ಬಿಗಿ ಮಾಡಿದ್ದರು. ಮಾರ್ಚ್‌ನ ನಕ್ಷೆ ಮುನ್ನೆಚ್ಚರಿಕೆಯನ್ನು ಲೆಕ್ಕಕ್ಕೆ ಹಿಡಿಯದ ಕೆಲಸದ್ದು, ಜೂನ್‌ನ ಲೆಕ್ಕ ತಲೆಯಿಂದ ಕಾಲಿನವರೆಗೆ ಮುಚ್ಚಿಕೊಂಡ ಕೆಲಸದ್ದು. ಎರಡೂ ಒಂದಕ್ಕೊಂದು ವಿರುದ್ಧವೇ ಅಲ್ಲ.

ಏರೋಟರ್:
ಒಪ್ಪಿದೆ. ಹೆಸರಿಗೆ ತಕ್ಕ ಹಾಗೆ ಇದ್ದೀರಿ.

ಹುಬ್ಳಿ_ಮಂದಿ:
ಆದ್ರ ಮಾರ್ಚ್ ತಿಂಗಳದಾಗ ಪತ್ರಿಕೆದವ್ರು ಮತ್ತೇನ್ ಬರೀಬೇಕಿತ್ರೀ? ಯಾರ ಕಡೇನೂ ಲೆಕ್ಕ ಇರ್ಲಿಲ್ಲ. ಬಾಯಿ ತೆರೆದವರ ಮುಂದ ಒಂದು ಗೇಣು ದೂರದಾಗ ಮುಖ ಇಟ್ಕೊಂಡು ನೀರು ಚಿಮ್ಮಿಸೋ ಕೆಲಸ. ಹೆದರಿಸಿದ್ದು ಸರೀನೇ ಐತಿ. ಆಮೇಲೆ ತಿದ್ದಲಿಲ್ಲ ಅನ್ನೋದು ಬೇರೆ ಮಾತು.

ಷರತ್ತುಗಳು_ಅನ್ವಯ:
ಆಗಸ್ಟ್‌ನ ಸುದ್ದಿ ನನ್ನ ಪಾಲಿಗೆ ಬಿಡಿ. ವಿಶ್ವ ಆರೋಗ್ಯ ಸಂಸ್ಥೆ ಮಧ್ಯಂತರ ಮಾರ್ಗಸೂಚಿ ಹೊರಡಿಸಿದ್ದು 2020ರ ಆಗಸ್ಟ್ 3ಕ್ಕೆ. ಪತ್ರಿಕೆಗಳಿಗೆ ಎಚ್ಚರವಾದದ್ದು ಒಂದು ವಾರದ ಮೇಲೆ. ಅದರಲ್ಲಿ ಇದ್ದದ್ದು ಹೀಗೆ: ಸಮುದಾಯದಲ್ಲಿ ಸೋಂಕು ಹರಡುತ್ತಿರುವ ಕಡೆ, ತುರ್ತಲ್ಲದ ಸಾಮಾನ್ಯ ತಪಾಸಣೆ, ಹಲ್ಲು ಸ್ವಚ್ಛ ಮಾಡಿಸುವುದು ಇಂಥವನ್ನು, ಹರಡುವಿಕೆ ಸಾಕಷ್ಟು ಇಳಿಯುವವರೆಗೆ, ಅಥವಾ ಆಯಾ ದೇಶ, ರಾಜ್ಯ, ಊರಿನ ಅಧಿಕಾರಿಗಳು ಹೇಳಿದಂತೆ ಮುಂದೂಡಿ.

ಎಣಿಸಿ. ‘ಹರಡುತ್ತಿರುವ ಕಡೆ’ ಒಂದು, ‘ತುರ್ತಲ್ಲದ’ ಎರಡು, ‘ಇಳಿಯುವವರೆಗೆ’ ಮೂರು, ‘ಅಥವಾ ಸ್ಥಳೀಯ ಅಧಿಕಾರಿಗಳು ಹೇಳಿದಂತೆ’ ನಾಲ್ಕು. ನಾಲ್ಕು ಷರತ್ತು. ತಲೆಬರಹಕ್ಕೆ ಬಂದಾಗ ನಾಲ್ಕೂ ಮಾಯ, ಉಳಿದದ್ದು ‘ಮುಂದೂಡಿ’. ಆಗಸ್ಟ್ 12ಕ್ಕೆ ಅಮೆರಿಕನ್ ದಂತವೈದ್ಯ ಸಂಘ ಇದನ್ನು ಬಲವಾಗಿ ಒಪ್ಪುವುದಿಲ್ಲ ಎಂದು ಹೇಳಿಕೆ ಕೊಟ್ಟಿತು. ಆಗ ಸುದ್ದಿ ‘ಸಂಸ್ಥೆ ವರ್ಸಸ್ ಸಂಘ’ ಎಂಬ ಕುಸ್ತಿಯಾಯಿತು. ಮೂಲ ದಾಖಲೆಯಲ್ಲಿ ಏನಿದೆ ಎಂದು ತೆರೆದು ನೋಡುವ ವ್ಯವಧಾನ ಎರಡನೇ ಸಲವೂ ಬರಲಿಲ್ಲ.

ದವಡೆಪೆಟ್ಟು:
ನಮ್ಮಲ್ಲೂ ಅದೇ ಕಥೆ. ಕೇಂದ್ರ ಆರೋಗ್ಯ ಸಚಿವಾಲಯ ದಂತವೈದ್ಯರಿಗೆ ಮಾರ್ಗಸೂಚಿ ಕೊಟ್ಟದ್ದು 2020ರ ಮೇನಲ್ಲಿ. ಕಂಟೈನ್‌ಮೆಂಟ್ ವಲಯದಲ್ಲಿ ಕ್ಲಿನಿಕ್ ಮುಚ್ಚಿರಬೇಕು, ಫೋನಿನಲ್ಲಿ ಸಲಹೆ ಮಾತ್ರ. ಕೆಂಪು ವಲಯದಲ್ಲಿ ತುರ್ತು ಚಿಕಿತ್ಸೆ ಮಾತ್ರ. ಕಿತ್ತಳೆ, ಹಸಿರು ವಲಯದಲ್ಲಿ ಸಮಾಲೋಚನೆ ಆಗಬಹುದು, ಆದರೆ ಚಿಕಿತ್ಸೆ ತುರ್ತು ಮತ್ತು ತಡಮಾಡಲಾಗದ್ದಕ್ಕಷ್ಟೇ. ‘ಡೆಂಟಲ್ ಕ್ಲಿನಿಕ್ ತೆರೆಯಲು ಅನುಮತಿ’ ಎಂದಷ್ಟೇ ಓದಿ ಹಲ್ಲಿಗೆ ಕ್ಲಿಪ್ ಹಾಕಿಸಲು ಹೊರಟರೆ ವಾಪಸ್ ಕಳಿಸದೆ ಏನು ಮಾಡುತ್ತಾರೆ?

ಷರತ್ತುಗಳು_ಅನ್ವಯ:
ಅದಕ್ಕೆ ಇನ್ನೊಂದು ಗಂಟು ಸೇರಿಸಿ. ಪತ್ರಿಕೆಗಳ ಕೈಯಲ್ಲಿದ್ದದ್ದು ಏಪ್ರಿಲ್ 30ರ ಪಟ್ಟಿ: ದೇಶದಲ್ಲಿ 130 ಕೆಂಪು, 284 ಕಿತ್ತಳೆ, 319 ಹಸಿರು ಜಿಲ್ಲೆ. ಕರ್ನಾಟಕದಲ್ಲಿ ಬೆಂಗಳೂರು ನಗರ, ಬೆಂಗಳೂರು ಗ್ರಾಮಾಂತರ, ಮೈಸೂರು ಕೆಂಪು. ಮೇ 18ರಿಂದ ನಾಲ್ಕನೇ ಹಂತದ ಲಾಕ್‌ಡೌನ್ ಶುರುವಾದಾಗ ವಲಯ ಗುರುತಿಸುವ ಹೊಣೆಯನ್ನೇ ರಾಜ್ಯಗಳಿಗೆ ಬಿಟ್ಟುಕೊಟ್ಟರು. ಹಳೆಯ ಪಟ್ಟಿಯನ್ನು ಹೊಸ ಮಾರ್ಗಸೂಚಿಗೆ ಅಂಟಿಸಿದರೆ ಊರೇ ತಪ್ಪಾಗುತ್ತದೆ. ಕೊನೆಪುಟದವರೇ, ಟಿಪ್ಪಣಿಗೆ ಇದು: ವಲಯ, ಹಂತ, ಮಟ್ಟ ಅಂತ ಏನೇ ಬಂದರೂ ಪಕ್ಕದಲ್ಲಿ ‘ಯಾವ ದಿನಾಂಕದ ಪಟ್ಟಿಯಂತೆ’ ಎಂದು ಹಾಕಿ.

ಕಡಲೆಕಾಯಿ:
ಹಲ್ಲಿದ್ದವರಿಗೆ ಕಡಲೆ ಇಲ್ಲ ಅಂತಾರಲ್ಲ, ಅನುಮತಿ ಬಂದ ಕ್ಲಿನಿಕ್‌ಗೆ ಪಿಪಿಇ ಇಲ್ಲ, ಪಿಪಿಇ ಇದ್ದ ಕ್ಲಿನಿಕ್‌ಗೆ ಅನುಮತಿ ಇಲ್ಲ.

ಕೊನೆಪುಟ:
ಒಂದು ಭಾಷೆಯ ಪ್ರಶ್ನೆ. ಏರೋಸಾಲ್‌ಗೆ ಕನ್ನಡದಲ್ಲಿ ಏನು ಬರೆಯಬೇಕು? ತುಂತುರು, ವಾಯುಕಣ, ಸೂಕ್ಷ್ಮಹನಿ, ಗಾಳಿಹನಿ, ಎಲ್ಲವೂ ಬಂದಿವೆ.

ಏರೋಟರ್:
‘ತುಂತುರು’ ಬೇಡವೇ ಬೇಡ. ಅದೇ ಗೊಂದಲದ ಬೇರು. ತುಂತುರು ಕಣ್ಣಿಗೆ ಕಾಣುತ್ತದೆ, ಬೀಳುತ್ತದೆ, ಒರೆಸಬಹುದು. ಏರೋಸಾಲ್ ತೇಲುತ್ತದೆ. ಹಲ್ಲು ಕೊರೆಯಲು ನಿಮಿಷಕ್ಕೆ 3ರಿಂದ 4 ಲಕ್ಷ ಸುತ್ತು ತಿರುಗುವ ಯಂತ್ರ, ಏರೋಟರ್‌ಗೆ ತಂಪು ಮಾಡಲು ನೀರು ಬಿಡಲೇಬೇಕು, ಇಲ್ಲದಿದ್ದರೆ ಬಿಸಿಗೆ ಹಲ್ಲಿನ ನರ ಸಾಯುತ್ತದೆ. ಆ ನೀರು ಹಲ್ಲಿಗೆ ಬಡಿದು ಎರಡೂ ಆಗುತ್ತದೆ: ದೊಡ್ಡ ಹನಿ ಎದೆ, ಟ್ರೇ, ನೆಲದ ಮೇಲೆ ಬೀಳುತ್ತದೆ, ಸಣ್ಣದು ಗಾಳಿಯಲ್ಲಿ ಉಳಿಯುತ್ತದೆ. ಪತ್ರಿಕೆಯ ಫೋಟೊಗಳಲ್ಲಿ ಒರೆಸುವುದು, ಸಿಂಪಡಿಸುವುದು, ಹೊಗೆ ಹಾಕುವುದು ಮಾತ್ರ. ತೇಲುವುದಕ್ಕೆ ಬೇಕಾದದ್ದು ಗಾಳಿ ಬದಲಾಯಿಸುವುದು. ಅದನ್ನು ಫೋಟೊ ತೆಗೆಯಲು ಬರುವುದಿಲ್ಲ, ಅದಕ್ಕೇ ಸುದ್ದಿಯಾಗಲಿಲ್ಲ.

‘ಏರೋಸಾಲ್’ ಎಂದೇ ಬರೆದು, ಮೊದಲ ಸಲ ‘ಗಾಳಿಯಲ್ಲಿ ತೇಲುವ ಸೂಕ್ಷ್ಮ ಕಣ’ ಎಂದು ಬಿಡಿಸಿ ಹೇಳಿ. ಮುಗಿಯಿತು.

ಫ್ಯಾನ್_ಅಂಕಲ್:
ಗಾಳಿ ಬದಲಾವಣೆಗೆ ಲೆಕ್ಕ ಇದೆ, ಯಾವ ವರದಿಗಾರನೂ ಐದು ನಿಮಿಷದಲ್ಲಿ ಮಾಡಬಹುದು.

ಕೋಣೆ 10 ಅಡಿ ಉದ್ದ, 10 ಅಡಿ ಅಗಲ, 10 ಅಡಿ ಎತ್ತರ ಅಂದುಕೊಳ್ಳಿ. 1,000 ಘನ ಅಡಿ ಗಾಳಿ. ಗೋಡೆಯ ಎಕ್ಸಾಸ್ಟ್ ಫ್ಯಾನ್ ನಿಮಿಷಕ್ಕೆ 200 ಘನ ಅಡಿ ಹೊರಗೆ ತಳ್ಳಿದರೆ ಗಂಟೆಗೆ 12,000. ಅಂದರೆ ಗಂಟೆಗೆ 12 ಸಲ ಗಾಳಿ ಬದಲು. ಅಮೆರಿಕದ ರೋಗ ನಿಯಂತ್ರಣ ಕೇಂದ್ರದ (ಸಿಡಿಸಿ) ಕೋಷ್ಟಕದ ಪ್ರಕಾರ 12 ಸಲವಾದರೆ ತೇಲುವ ಕಣಗಳಲ್ಲಿ ಶೇ 99 ಹೋಗಲು 23 ನಿಮಿಷ, ಶೇ 99.9ಕ್ಕೆ 35. ಅದೇ ಗಂಟೆಗೆ 6 ಸಲವಾದರೆ 46 ಮತ್ತು 69 ನಿಮಿಷ. 2 ಸಲವಾದರೆ 138 ಮತ್ತು 207. ಗಾಳಿ ಚೆನ್ನಾಗಿ ಬೆರೆಯುತ್ತದೆ ಎಂದು ಇಟ್ಟುಕೊಂಡು ಮಾಡಿದ ಲೆಕ್ಕ ಇದು. ಮೂಲೆಯಲ್ಲಿ ಗಾಳಿ ನಿಂತರೆ ಇನ್ನೂ ಹೆಚ್ಚು ಹೊತ್ತು ಬೇಕು.

ತಪ್ಪುವುದು ಎಲ್ಲಿ ಅಂದರೆ, ಫ್ಯಾನ್ ಡಬ್ಬಿಯ ಮೇಲಿನ ಅಂಕಿ ಅಡೆತಡೆ ಇಲ್ಲದಾಗಿನದು. ಜಾಲರಿ, ಧೂಳು, ಉದ್ದದ ಪೈಪು ಸೇರಿದರೆ ಇಳಿಯುತ್ತದೆ. ಒಳಗೆ ಗಾಳಿ ಬರಲು ಎದುರು ದಿಕ್ಕಿನಲ್ಲಿ ಸಂದು ಇಲ್ಲದಿದ್ದರೆ ಫ್ಯಾನ್ ಸುಮ್ಮನೆ ತಿರುಗುತ್ತದೆ. ಫ್ಯಾನೂ ಕಿಟಕಿಯೂ ಒಂದೇ ಗೋಡೆಯಲ್ಲಿದ್ದರೆ ಬಂದ ಗಾಳಿ ಹಾಗೇ ಹೊರಟುಹೋಗುತ್ತದೆ, ಕುರ್ಚಿಯ ಹತ್ತಿರ ಏನೂ ಆಗುವುದಿಲ್ಲ. ಇನ್ನು ಸ್ಪ್ಲಿಟ್ ಎಸಿ: ಅದು ಒಳಗಿನ ಗಾಳಿಯನ್ನೇ ತಣ್ಣಗೆ ಮಾಡಿ ಮತ್ತೆ ಬಿಡುತ್ತದೆ, ಹೊಸ ಗಾಳಿ ಸೊನ್ನೆ.

ಬ್ರಿಟನ್‌ನಲ್ಲಿ ಒಬ್ಬ ರೋಗಿ ಎದ್ದ ಮೇಲೆ ಕೋಣೆಯನ್ನು 60 ನಿಮಿಷ ಖಾಲಿ ಬಿಡಬೇಕು ಎಂದು ಮೊದಲು ಇಟ್ಟರು. ಆಮೇಲೆ ಗಾಳಿ ಬದಲಾವಣೆಯ ಲೆಕ್ಕ ನೋಡಿ ಇಳಿಸಿದರು. ಪತ್ರಿಕೆಗಳು ‘ಒಂದು ಗಂಟೆ’ಯನ್ನು ಬರೆದವು, ‘ಯಾವ ಕೋಣೆಗೆ’ ಅನ್ನುವುದನ್ನು ಬಿಟ್ಟವು.

ಮಾರಾಯ_ಮಂಗ್ಳೂರು:
ಫ್ಯಾನ್ ಅಂಕಲ್, ಇದನ್ನೇ ಅಂದು ಒಂದು ಪತ್ರಿಕೆ ಚಿತ್ರ ಸಮೇತ ಹಾಕಿದ್ದರೆ ಎಷ್ಟು ಉಪಕಾರ ಆಗ್ತಿತ್ತು ಮಾರಾಯ್ರೆ. ಬದಲಿಗೆ ನೀಲಿ ಯುವಿ ಲೈಟಿನ ಜಾಹೀರಾತು ಪುಟಗಟ್ಟಲೆ.

ಏರೋಟರ್:
ಸಕ್ಷನ್ ಬಗ್ಗೆಯೂ ಎರಡು ಮಾತು. ‘ಸಕ್ಷನ್ ಬಳಸಿದರೆ ಏರೋಸಾಲ್ ಶೇ 90 ಕಡಿಮೆ’ ಎಂದು ಬರೆಯುತ್ತಾರೆ. ಆ ಮಾತು ಹೈ ವಾಲ್ಯೂಮ್ ಸಕ್ಷನ್‌ಗೆ: ಪೈಪಿನ ಬಾಯಿ 8 ಮಿಲಿಮೀಟರ್‌ಗಿಂತ ಅಗಲ, ನಿಮಿಷಕ್ಕೆ 100 ಘನ ಅಡಿಯವರೆಗೆ ಗಾಳಿ ಎಳೆಯಬೇಕು, ಹಲ್ಲಿನ ಹತ್ತಿರವೇ ಹಿಡಿಯಲು ಸಹಾಯಕರು ಬೇಕು. ರೋಗಿಯ ತುಟಿಗೆ ಕೊಕ್ಕೆ ಹಾಕಿ ನೇತುಬಿಡುವ ತೆಳು ಪೈಪು ಎಂಜಲು ಎಳೆಯಲು ಮಾತ್ರ. ಫೋಟೊದಲ್ಲಿ ಕಾಣುವುದು ಬಹುತೇಕ ಅದೇ.

ಇನ್ನೊಂದು ಸುದ್ದಿ ಒಳಪುಟದಲ್ಲೂ ಸರಿಯಾಗಿ ಬರಲಿಲ್ಲ. 2021ರಲ್ಲಿ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದವರು 28 ರೋಗಿಗಳ ಚಿಕಿತ್ಸೆಯ ವೇಳೆ ಚಿಮ್ಮಿದ್ದನ್ನು ಸಂಗ್ರಹಿಸಿ ಅದರಲ್ಲಿನ ಸೂಕ್ಷ್ಮಜೀವಿಗಳು ಎಲ್ಲಿಂದ ಬಂದವು ಎಂದು ಹುಡುಕಿದರು. ಹೆಚ್ಚಿನವು ಯಂತ್ರ ಬಿಡುವ ನೀರಿನವು, ಎಂಜಲಿನ ಪಾಲು ಬಹಳ ಕಡಿಮೆ. 19 ಮಂದಿಯ ಎಂಜಲಿನಲ್ಲಿ ಕೊರೊನಾ ವೈರಸ್ ಇತ್ತು, ಚಿಮ್ಮಿದ್ದರಲ್ಲಿ ಯಾರದ್ದೂ ಸಿಗಲಿಲ್ಲ. 28 ಸಣ್ಣ ಸಂಖ್ಯೆ, ಒಪ್ಪುತ್ತೇನೆ (ಅಂಕಿಬುರುಕರು ಬರುವ ಮೊದಲೇ ಹೇಳಿಬಿಟ್ಟೆ).

ಅಂಕಿಬುರುಕ:
🙂

ಮಾತ್ರೆಡಬ್ಬಿ:
ಎಲ್ಲರೂ ದಂತವೈದ್ಯರ ಅಪಾಯದ ಬಗ್ಗೆಯೇ ಮಾತಾಡುತ್ತಿದ್ದೀರಿ. ರೋಗಿಗೆ ನೇರವಾಗಿ ಏಟು ಬಿದ್ದದ್ದು ಐಬುಪ್ರೊಫೇನ್ ಎಂಬ ನೋವಿನ ಮಾತ್ರೆಯ ಸುದ್ದಿಯಿಂದ. 2020ರ ಮಾರ್ಚ್ 14ಕ್ಕೆ ಫ್ರಾನ್ಸ್‌ನ ಆರೋಗ್ಯ ಸಚಿವ ಒಲಿವಿಯೆ ವೆರಾನ್, ಉರಿಯೂತ ತಗ್ಗಿಸುವ ಇಂಥ ಮಾತ್ರೆ ಸೋಂಕನ್ನು ಬಿಗಡಾಯಿಸಬಹುದು ಎಂದು ಟ್ವೀಟ್ ಮಾಡಿದರು. ವಿಶ್ವ ಆರೋಗ್ಯ ಸಂಸ್ಥೆಯ ವಕ್ತಾರರು ಮೊದಲು ತಾವಾಗಿಯೇ ತಗೊಳ್ಳಬೇಡಿ ಅಂದರು, ಒಂದೆರಡು ದಿನದಲ್ಲೇ ಸಂಸ್ಥೆ ‘ಬೇಡ ಎಂದು ನಾವು ಹೇಳುತ್ತಿಲ್ಲ’ ಎಂದು ತಿದ್ದಿತು. ತಲೆಬರಹ ಮೊದಲನೆಯದಕ್ಕೆ, ತಿದ್ದುಪಡಿ ಎಲ್ಲೋ ಮೂಲೆಗೆ.

ಹಲ್ಲುನೋವಿಗೆ ಇದು ಯಾಕೆ ಮುಖ್ಯ? ಹಲ್ಲಿನ ನೋವು ಬಹುತೇಕ ಉರಿಯೂತದ ನೋವು. ವಯಸ್ಕರಿಗೆ, ಹೊಟ್ಟೆಹುಣ್ಣು, ಕಿಡ್ನಿ ತೊಂದರೆ, ಆಸ್ಪಿರಿನ್‌ನಿಂದ ಉಬ್ಬಸ, ಗರ್ಭ ಇವು ಇಲ್ಲದಿದ್ದರೆ, ಐಬುಪ್ರೊಫೇನ್ 400 ಮಿಲಿಗ್ರಾಂ ಜೊತೆಗೆ ಪ್ಯಾರಾಸಿಟಮಾಲ್ ಸೇರಿದಾಗ ಸಿಗುವ ಶಮನ ಒಂದರಿಂದ ಸಿಗದು. ಕ್ಲಿನಿಕ್ ಮುಚ್ಚಿದೆ, ಇರುವ ಒಳ್ಳೆಯ ಮಾತ್ರೆಗೂ ಹೆದರಿಕೆ. ಆಗ ಜನ ಹೋದದ್ದು ಆ್ಯಂಟಿಬಯೋಟಿಕ್‌ಗೆ, ಇಲ್ಲವೇ ಲವಂಗದೆಣ್ಣೆಗೆ.

ಹುಬ್ಳಿ_ಮಂದಿ:
ಲವಂಗದೆಣ್ಣಿಗೆ ಏನಾಗೇತ್ರೀ? ನಮ್ಮ ಕಡೆ ಅಜ್ಜಿ ಕಾಲದಿಂದ ಹಚ್ತಾರ.

ಮಾತ್ರೆಡಬ್ಬಿ:
ಎಣ್ಣೆಯದು ತಪ್ಪಿಲ್ಲ, ಹಚ್ಚುವ ಜಾಗದ್ದು ತಪ್ಪು. ಅದರಲ್ಲಿನ ಯೂಜಿನಾಲ್ ಜುಮ್ಮೆನಿಸಿ ನೋವು ತಗ್ಗಿಸುತ್ತದೆ, ಹುಳುಕಿನ ಗುಳಿಯಲ್ಲಿ ಹತ್ತಿಯ ತುದಿಗೆ ಒಂದು ಹನಿ ಸಾಕು. ವಸಡಿಗೆ ಸವರಿದರೆ ಸುಡುತ್ತದೆ. ಆಸ್ಪಿರಿನ್ ಮಾತ್ರೆಯನ್ನು ನೋಯುವ ಹಲ್ಲಿನ ಪಕ್ಕ ಇಟ್ಟುಕೊಳ್ಳಿ ಎಂಬ ಸಲಹೆ ಇನ್ನೂ ಕೆಟ್ಟದ್ದು: ಆಮ್ಲ ಅದು, ವಸಡು ಬೆಳ್ಳಗಾಗಿ ಸಿಪ್ಪೆ ಏಳುತ್ತದೆ. ‘ಮನೆಮದ್ದು’ ಅಂಕಣದಲ್ಲಿ ಎಷ್ಟು, ಎಲ್ಲಿ, ಎಷ್ಟು ಹೊತ್ತು ಎಂಬ ಮೂರು ಇರಲೇಬೇಕು.

ನರಕೀಳುವವ:
ಆ್ಯಂಟಿಬಯೋಟಿಕ್ ಮಾತು ಬಂತಲ್ಲ. ಇಂಗ್ಲೆಂಡ್‌ನಲ್ಲಿ ಮಾರ್ಚ್ 25ರಿಂದ ಜೂನ್ 8ರವರೆಗೆ ಸಾಮಾನ್ಯ ದಂತಚಿಕಿತ್ಸೆ ಬಂದ್. ಫೋನಿನಲ್ಲೇ ಸಲಹೆ, ನೋವಿನ ಮಾತ್ರೆ, ಬೇಕಾದರೆ ಆ್ಯಂಟಿಬಯೋಟಿಕ್. ತೀರಾ ಆಗದಿದ್ದರೆ ತುರ್ತು ಕೇಂದ್ರ. ಅಲ್ಲಿನ ಪತ್ರಿಕೆಗಳಿಗೆ ಸಿಕ್ಕ ರಸವತ್ತಾದ ಸುದ್ದಿ, ಜನ ಇಕ್ಕಳದಿಂದ ತಾವೇ ಹಲ್ಲು ಕಿತ್ತುಕೊಂಡದ್ದು. ಫೋಟೊ ಸಮೇತ. ರಸವಿಲ್ಲದ ಸುದ್ದಿ, ಆ ಏಪ್ರಿಲ್‌ನಿಂದ ಜುಲೈವರೆಗೆ ದಂತವೈದ್ಯರು ಬರೆದ ಆ್ಯಂಟಿಬಯೋಟಿಕ್ ಹಿಂದಿನ ವರ್ಷಕ್ಕಿಂತ ಶೇ 25ರಷ್ಟು ಹೆಚ್ಚಿತ್ತು.

ಹಲ್ಲಿನೊಳಗಿನ ನರ ಊದಿಕೊಂಡು ಬರುವ ನೋವಿಗೆ ಆ್ಯಂಟಿಬಯೋಟಿಕ್ ಕೆಲಸ ಮಾಡುವುದಿಲ್ಲ. ಗಟ್ಟಿ ಗೋಡೆಯ ಡಬ್ಬಿಯೊಳಗೆ ಊತ, ಒತ್ತಡ ಹೋಗಲು ದಾರಿ ಇಲ್ಲ. ನರ ಸತ್ತ ಮೇಲೆ ರಕ್ತವೇ ಹರಿಯದ ಜಾಗಕ್ಕೆ ಔಷಧ ತಲುಪುವುದಾದರೂ ಹೇಗೆ? ಹಲ್ಲು ತೆರೆದು ಒತ್ತಡ ಬಿಡಬೇಕು, ಇಲ್ಲ ಕೀಳಬೇಕು. ಆ್ಯಂಟಿಬಯೋಟಿಕ್ ಬೇಕಾಗುವುದು ಸೋಂಕು ಹರಡುತ್ತಿದ್ದಾಗ: ಜ್ವರ, ಮುಖದ ಊತ, ಬಾಯಿ ತೆರೆಯಲಾಗದಿರುವುದು. ನಾಲಿಗೆ ಮೇಲೆದ್ದು, ಗದ್ದದ ಕೆಳಗೆ ಕುತ್ತಿಗೆಯ ಎರಡೂ ಬದಿ ಗಟ್ಟಿಯಾಗಿ ಊದಿ ನುಂಗಲಾಗದಿದ್ದರೆ ಅದು ಉಸಿರುಗಟ್ಟುವ ತುರ್ತು, ಮಾತ್ರೆ ನುಂಗಿ ಕಾಯುವುದಲ್ಲ. ‘ತುರ್ತು ಇದ್ದರೆ ಮಾತ್ರ ಬನ್ನಿ’ ಎಂದು ಬರೆದ ಪತ್ರಿಕೆಗಳು ತುರ್ತು ಎಂದರೆ ಏನು ಎಂದು ಒಂದು ಪೆಟ್ಟಿಗೆ ಹಾಕಿದ್ದರೆ ಸಾಕಿತ್ತು. ಬಿದ್ದು ಬುಡಸಮೇತ ಕಿತ್ತುಬಂದ ಹಲ್ಲನ್ನು ಬೇರು ಮುಟ್ಟದೆ ಹಾಲಲ್ಲಿ ಹಾಕಿ ಒಂದು ಗಂಟೆಯೊಳಗೆ ತರಬೇಕು ಎಂಬ ಸಾಲೂ ಅದರಲ್ಲಿರಬೇಕು. ಲಾಕ್‌ಡೌನ್ ಇದೆ ಎಂದು ಆ ಗಂಟೆ ಉದ್ದವಾಗುವುದಿಲ್ಲ.

ಕಡಲೆಕಾಯಿ:
ಬಿರುಕು ಬಿಟ್ಟ ಹಲ್ಲಿನ ಸುದ್ದಿ ಯಾರಿಗೂ ಬೇಡವಾ? ನನಗೆ ಅದೇ ಇಷ್ಟ.

ಅಂಕಿಬುರುಕ:
ಬೇಕು, ಬೇಕು. 2020ರ ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕಿನ ಒಬ್ಬ ದಂತವೈದ್ಯೆ ತಮ್ಮ ಕ್ಲಿನಿಕ್‌ನಲ್ಲಿ ಬಿರುಕು ಬಿಟ್ಟ ಹಲ್ಲು ಹೆಚ್ಚಾಗಿದೆ ಎಂದು ‘ನ್ಯೂಯಾರ್ಕ್ ಟೈಮ್ಸ್’ನಲ್ಲಿ ಬರೆದರು. ಒಂದು ಕ್ಲಿನಿಕ್‌ನ ಅನುಭವ ಎಂದು ಅವರೇ ಬರೆದದ್ದು, ಅದರಲ್ಲಿ ಮುಚ್ಚುಮರೆ ಇಲ್ಲ. ಅದರ ಹಿಂದೆಯೇ ಅಮೆರಿಕನ್ ದಂತವೈದ್ಯ ಸಂಘದ ಸಮೀಕ್ಷೆ. 2021ರ ಆರಂಭದ ಸುತ್ತಿನಲ್ಲಿ ಶೇ 71ರಷ್ಟು ದಂತವೈದ್ಯರು ಹಲ್ಲು ಕಡಿಯುವವರು ಹೆಚ್ಚಾಗಿದ್ದಾರೆ ಎಂದರು.

ಈಗ ನೋಡಿ ಮೋಜು. ಶೇ 71 ‘ಹೆಚ್ಚಾಗಿದೆ’ ಎಂದ ವೈದ್ಯರ ಪಾಲು. ಸುದ್ದಿಯಾದಾಗ ಹಲವು ಕಡೆ ‘ಹಲ್ಲು ಕಡಿಯುವುದು ಶೇ 71ರಷ್ಟು ಏರಿಕೆ’. ನೂರು ಅಂಗಡಿಗಳಲ್ಲಿ 71 ಅಂಗಡಿಯವರು ‘ಈ ತಿಂಗಳು ವ್ಯಾಪಾರ ಸ್ವಲ್ಪ ಜಾಸ್ತಿ’ ಎಂದರೆ ಊರಿನ ವ್ಯಾಪಾರ ಶೇ 71 ಏರಿತು ಎಂದು ಬರೆಯುತ್ತೀರಾ? ತಿಂಗಳುಗಟ್ಟಲೆ ಮುಚ್ಚಿದ್ದ ಬಾಗಿಲು ತೆರೆದಾಗ ಬಾಕಿ ಕೇಸೆಲ್ಲ ಒಟ್ಟಿಗೇ ಬರುತ್ತವೆ ಎನ್ನುವುದು ಬೇರೆ. ಒತ್ತಡಕ್ಕೆ ಹಲ್ಲು ಕಡಿಯುತ್ತಾರೆ ಎಂಬುದು ಸುಳ್ಳಲ್ಲ, ಆ ಅಂಕಿ ಅದನ್ನು ಅಳೆಯುತ್ತಿಲ್ಲ.

ದವಡೆಪೆಟ್ಟು:
ಅದರ ಜೊತೆಗೇ ಬಂತಲ್ಲ ‘ಮಾಸ್ಕ್ ಮೌತ್’. ಮಾಸ್ಕ್ ಹಾಕಿದ್ದಕ್ಕೆ ಹಲ್ಲು ಹುಳುಕು! ಒಂದಿಬ್ಬರು ವೈದ್ಯರ ಹೇಳಿಕೆ ಬಿಟ್ಟರೆ ಅಳತೆ ಏನೂ ಇರಲಿಲ್ಲ. ಬಾಯಲ್ಲಿ ಉಸಿರಾಡಿದರೆ, ನೀರು ಕುಡಿಯದಿದ್ದರೆ ಬಾಯಿ ಒಣಗುತ್ತದೆ, ನಾಲಿಗೆಯ ಹಿಂಭಾಗದ ಬ್ಯಾಕ್ಟೀರಿಯಾ ಗಂಧಕದ ವಾಸನೆ ಬಿಡುತ್ತದೆ. ಮಾಸ್ಕ್ ಮಾಡಿದ್ದು ಇಷ್ಟೇ: ಬೇರೆಯವರ ಮೂಗಿಗೆ ಹೋಗುತ್ತಿದ್ದದ್ದನ್ನು ನಮ್ಮ ಮೂಗಿಗೆ ತಿರುಗಿಸಿತು.

ಮಾರಾಯ_ಮಂಗ್ಳೂರು:
ಹ್ಹಹ್ಹ! ಅದು ನಿಜ ಮಾರಾಯ್ರೆ.

ಮಾತ್ರೆಡಬ್ಬಿ:
ಮುಕ್ಕಳಿಸುವ ಸುದ್ದಿಯಲ್ಲಿ ಆದದ್ದು ಪಕ್ಕಾ ಅಪಾಯ. 2020ರ ನವೆಂಬರ್‌ನಲ್ಲಿ ಕಾರ್ಡಿಫ್ ವಿಶ್ವವಿದ್ಯಾಲಯದಿಂದ ಬಂದದ್ದು: ಕನಿಷ್ಠ ಶೇ 0.07 ಸಿಪಿಸಿ, ಅಂದರೆ ಸೀಟೈಲ್‌ಪಿರಿಡಿನಿಯಂ ಕ್ಲೋರೈಡ್, ಇರುವ ಮೌತ್‌ವಾಶ್ ಪ್ರಯೋಗಾಲಯದಲ್ಲಿ 30 ಸೆಕೆಂಡಿನಲ್ಲಿ ವೈರಸ್ಸನ್ನು ನಿಷ್ಕ್ರಿಯ ಮಾಡಿತು. ಪ್ರಯೋಗಾಲಯದಲ್ಲಿ. ಬೇರೆ ತಜ್ಞರು ಪರಿಶೀಲಿಸುವ ಮೊದಲೇ ಹೊರಬಂದ ಪ್ರಬಂಧ. ಬಾಯಲ್ಲಿ ಎಂಜಲು ನಿರಂತರ ಬರುತ್ತದೆ, ವೈರಸ್ ಗಂಟಲು, ಮೂಗು, ಶ್ವಾಸಕೋಶದಲ್ಲಿ ಬೆಳೆಯುತ್ತಿರುತ್ತದೆ. ಕೊಡದ ಬಾಯಿ ತೊಳೆದರೆ ಬಾವಿ ಶುದ್ಧವಾಗುವುದೇ?

ಕ್ಲಿನಿಕ್‌ನಲ್ಲಿ ಚಿಕಿತ್ಸೆಗೆ ಮುಂಚೆ ಮುಕ್ಕಳಿಸುವುದರ ಉದ್ದೇಶವೇ ಬೇರೆ, ಆ ಹೊತ್ತಿಗೆ ಎಂಜಲಿನ ಹೊರೆ ಇಳಿಸುವುದು. ಅದರ ಪ್ರಮಾಣ ಪೊವಿಡೋನ್ ಅಯೋಡಿನ್ ಶೇ 0.2, ಹೈಡ್ರೋಜನ್ ಪೆರಾಕ್ಸೈಡ್ ಶೇ 1ರ ಆಸುಪಾಸು. ಅಂಗಡಿಯ ಬಾಟಲಿಯಲ್ಲಿ ಅದಿರುವುದಿಲ್ಲ! ಪೊವಿಡೋನ್ ಅಯೋಡಿನ್ ಗಾರ್ಗಲ್ ಬಾಟಲಿ ಶೇ 2: ಒಂದು ಭಾಗಕ್ಕೆ ಒಂಬತ್ತು ಭಾಗ ನೀರು. ಪೆರಾಕ್ಸೈಡ್ ಸಾಮಾನ್ಯವಾಗಿ ಶೇ 6: ಒಂದಕ್ಕೆ ಐದು ಭಾಗ ನೀರು. ಗಾಯಕ್ಕೆ ಹಚ್ಚುವ ಶೇ 5 ಅಥವಾ 10ರ ಅಯೋಡಿನ್ ದ್ರಾವಣ ಗಾರ್ಗಲ್ ಅಲ್ಲವೇ ಅಲ್ಲ. ಥೈರಾಯ್ಡ್ ಇದ್ದವರು, ಅಯೋಡಿನ್ ಅಲರ್ಜಿಯವರು, ಗರ್ಭಿಣಿಯರು ಮುಟ್ಟಬಾರದು. ರಾಸಾಯನಿಕದ ಹೆಸರು ಬರೆದು ಪ್ರಮಾಣ ಬಿಟ್ಟ ಸುದ್ದಿಯನ್ನು ಡೆಸ್ಕ್ ತಡೆಹಿಡಿಯಬೇಕು ಎಂಬುದು ನನ್ನ ಹಟ.

ಅಂಗುಳ:
ಕೊನೆಯದನ್ನು, ಕಪ್ಪು ಶಿಲೀಂಧ್ರವನ್ನು, ಯಾರೂ ಮುಟ್ಟಿಲ್ಲ. ಇಲ್ಲಿ ಪತ್ರಿಕೆಗಳಿಗೆ ಅರ್ಧ ಅಂಕ ಕೊಡಲೇಬೇಕು. 2021ರ ಮೇನಲ್ಲಿ ಮೇಲ್ದವಡೆಯ ಲಕ್ಷಣಗಳನ್ನು ಜನರಿಗೆ ಮುಟ್ಟಿಸಿದ್ದು ಪತ್ರಿಕೆಗಳೇ, ಅದರಿಂದ ಬೇಗ ಬಂದವರಿದ್ದಾರೆ. ಹಾಗೆಯೇ ಹುಳುಕು ಹಲ್ಲಿನವರೂ ನಡುಗಿದರು.

ಮೊದಲು ಹೆಸರು. ಈ ರೋಗ ತರುವ ಮ್ಯೂಕರ್ ಶಿಲೀಂಧ್ರವೇ ಕಪ್ಪಲ್ಲ. ಅದು ರಕ್ತನಾಳಕ್ಕೆ ನುಗ್ಗಿ ಹರಿವು ಕಟ್ಟಿಸುತ್ತದೆ, ಸತ್ತ ಅಂಗಾಂಶ ಕಪ್ಪಾಗುತ್ತದೆ. ಅಂಗುಳ ಮೊದಲು ಬಿಳಿಚಿಕೊಳ್ಳಬಹುದು. ‘ಕಪ್ಪು’ ಎಂದು ಓದಿದವರು ಕಪ್ಪಾಗುವವರೆಗೆ ಕಾದರೆ ತಡವಾಯಿತು. ಬೆನ್ನಿಗೇ ಬಿಳಿ, ಹಳದಿ ಶಿಲೀಂಧ್ರ ಬಂತು. ಬಿಳಿ ಎಂದದ್ದು ಹೆಚ್ಚಾಗಿ ಕ್ಯಾಂಡಿಡಾ ಎಂಬ ಬೇರೆ ಶಿಲೀಂಧ್ರ. ಬಣ್ಣದ ಹೆಸರು ಗೊಂದಲ ಎಂದು ಏಮ್ಸ್‌ನ ಆಗಿನ ನಿರ್ದೇಶಕ ರಣದೀಪ್ ಗುಲೇರಿಯಾ ಮೇ 24ಕ್ಕೇ ಹೇಳಿದ್ದರು. ಆದರೂ ಹೋಳಿ ಮುಗಿಯಲಿಲ್ಲ.

ಸಾಮಾನ್ಯ ಹಲ್ಲುನೋವಿಗೂ ಇದಕ್ಕೂ ವ್ಯತ್ಯಾಸ: ಹುಳುಕಾದರೆ ಒಂದು ಹಲ್ಲು, ಗುಳಿ ಕಾಣುತ್ತದೆ. ಇಲ್ಲಿ ಮೇಲ್ದವಡೆಯಲ್ಲಿ ಸಾಲಾಗಿ ಹಲವು ಹಲ್ಲು, ಹುಳುಕಿಲ್ಲದೆ, ಹಳೆಯ ವಸಡಿನ ರೋಗವಿಲ್ಲದೆ, ಕೆಲವೇ ದಿನದಲ್ಲಿ ಅಲ್ಲಾಡುತ್ತವೆ. ವಸಡಿನಲ್ಲಿ ಒಂದಲ್ಲ, ಹಲವು ಕೀವಿನ ಬಾಯಿ. ಒಂದು ಬದಿಯ ಕೆನ್ನೆ ಜೋಮು. ಜೊತೆಗೆ ಇತ್ತೀಚಿನ ಕೋವಿಡ್, ಸ್ಟೆರಾಯ್ಡ್, ಹತೋಟಿ ಮೀರಿದ ಸಕ್ಕರೆ. ಈ ಜೋಡಿಯನ್ನು ಬಿಟ್ಟು ‘ಹಲ್ಲುನೋವೂ ಲಕ್ಷಣ’ ಎಂದರೆ ಊರಿಗೆಲ್ಲ ಲಕ್ಷಣವೇ. ಇನ್ನು ಹಲ್ಲಿನ ಸಾದಾ ಎಕ್ಸ್‌ರೇಯಲ್ಲಿ ಶುರುವಿನಲ್ಲಿ ಏನೂ ಕಾಣದಿರಬಹುದು, ಸಿಟಿ ಅಥವಾ ಎಂಆರ್‌ಐ ಬೇಕು.

ಹಲ್ಲು ಕಿತ್ತದ್ದರಿಂದಲೇ ಶಿಲೀಂಧ್ರ ಬಂತು ಎಂಬ ಧಾಟಿಯೂ ಕೆಲವು ಕಡೆ ಇತ್ತು. ಬಹಳ ಸಲ ಕ್ರಮ ಉಲ್ಟಾ: ರೋಗ ಮೊದಲೇ ಸೈನಸ್‌ನಲ್ಲಿದೆ, ಅದರಿಂದ ಹಲ್ಲು ಅಲ್ಲಾಡಿದೆ, ಅಲ್ಲಾಡಿದ್ದಕ್ಕೆ ಕಿತ್ತಿದ್ದಾರೆ, ಗಾಯ ಮಾಯಲಿಲ್ಲ.

ಫ್ಯಾನ್_ಅಂಕಲ್:
ಈ ಶಿಲೀಂಧ್ರಕ್ಕೆ ಕೊಡುವ ಆ್ಯಂಫೊಟೆರಿಸಿನ್ ಚುಚ್ಚುಮದ್ದಿನ ಕೊರತೆಯ ಸುದ್ದಿ? ‘ರಾಜ್ಯಕ್ಕೆ ಇಷ್ಟು ಸಾವಿರ ವಯಲ್’ (ಔಷಧದ ಸಣ್ಣ ಸೀಸೆ) ಎಂದು ದಿನವೂ ಬರುತ್ತಿತ್ತು. ಅದು ಬಹಳವೋ ಸ್ವಲ್ಪವೋ ಒಮ್ಮೆಯೂ ತಿಳಿಯಲಿಲ್ಲ.

ಅಂಗುಳ:
ಲೆಕ್ಕ ಹಾಕಿ. ಲಿಪೊಸೋಮಲ್ ರೂಪದ್ದು, ಅಂದರೆ ಕೊಬ್ಬಿನ ಸೂಕ್ಷ್ಮ ಕಣದೊಳಗೆ ಔಷಧ ಇಟ್ಟದ್ದು, ಕೆಜಿ ತೂಕಕ್ಕೆ ದಿನಕ್ಕೆ 5 ಮಿಲಿಗ್ರಾಂ. 60 ಕೆಜಿಯವರಿಗೆ 300. ಒಂದು ವಯಲ್‌ನಲ್ಲಿ 50. ಅಂದರೆ ದಿನಕ್ಕೆ 6 ವಯಲ್. 1,000 ವಯಲ್ ಬಂತು ಎಂದರೆ 166 ರೋಗಿಗಳ ಒಂದು ದಿನ. ಮೂರು ವಾರಕ್ಕೆ ಒಬ್ಬರಿಗೇ 126 ವಯಲ್, ಹಾಗಾಗಿ ಸಾವಿರ ವಯಲ್‌ನಲ್ಲಿ ಮೂರು ವಾರ ಪೂರೈಸುವುದು ಏಳು ಜನರಿಗೆ, ಎಂಟನೆಯವರಿಗೆ ಎಂಟು ವಯಲ್ ಸಾಲದು. ಹಳೆಯ ಸಾದಾ ರೂಪದ್ದಾದರೆ ಕೆಜಿಗೆ ಸುಮಾರು 1 ಮಿಲಿಗ್ರಾಂ, ಕಡಿಮೆ ವಯಲ್ ಸಾಕು, ಆದರೆ ಕಿಡ್ನಿಗೆ ಪೆಟ್ಟು ಜಾಸ್ತಿ. ಎರಡರ ಹೆಸರೂ ‘ಆ್ಯಂಫೊಟೆರಿಸಿನ್ ಬಿ’. ಯಾವುದು ಬಂತು ಎಂದು ಬರೆಯದ ಸುದ್ದಿಯಿಂದ ಏನೂ ತಿಳಿಯದು.

ಅಂಕಿಬುರುಕ:
ಈ ಚರ್ಚೆಯಲ್ಲಿ ಅತ್ಯುತ್ತಮ ಉತ್ತರ ಇದು. ನನ್ನದೂ ಸೇರಿ ಹೇಳುತ್ತಿದ್ದೇನೆ.

ಪ್ರಯೋಗಶಾಲೆ:
ಸಣ್ಣ ಸೇರ್ಪಡೆ. ‘ಪರೀಕ್ಷೆಯಲ್ಲಿ ಶಿಲೀಂಧ್ರ ಇಲ್ಲ ಎಂದು ಬಂದರೂ ಸಾವು’ ಎಂಬ ಬಗೆಯ ಸುದ್ದಿ ನೋಡಿದರೆ ಮಾದರಿ ಹೇಗೆ ಕಳಿಸಿದರು ಎಂದು ವಿಚಾರಿಸಿ. ಅಂಗಾಂಶದ ತುಣುಕನ್ನು ಎರಡು ಡಬ್ಬಿಗೆ ಹಾಕಬೇಕು: ಸಲೈನ್‌ನಲ್ಲಿ ಒಂದು, ಕೆಒಎಚ್ (ಸೂಕ್ಷ್ಮದರ್ಶಕದಲ್ಲಿ ಬೇಗ ನೋಡುವ ಪರೀಕ್ಷೆ) ಮತ್ತು ಶಿಲೀಂಧ್ರ ಬೆಳೆಸಿ ನೋಡುವ ಕಲ್ಚರ್‌ಗೆ, ಫಾರ್ಮಲಿನ್‌ನಲ್ಲಿ ಒಂದು, ಹಿಸ್ಟೊಪೆಥಾಲಜಿಗೆ, ಅಂದರೆ ಅಂಗಾಂಶ ಪರೀಕ್ಷೆಗೆ. ಎಲ್ಲವನ್ನೂ ಫಾರ್ಮಲಿನ್‌ಗೆ ಹಾಕಿದರೆ ಕಲ್ಚರ್ ಬೆಳೆಯುವುದೇ ಇಲ್ಲ. ಕಲ್ಚರ್‌ಗೆ ಬಂದ ತುಣುಕನ್ನು ಅರೆಯಲೂ ಬಾರದು. ಮ್ಯೂಕರ್‌ನ ಎಳೆಗಳಲ್ಲಿ ಅಡ್ಡಗೋಡೆ ಬಹುತೇಕ ಇಲ್ಲ, ಅರೆದರೆ ಒಡೆದು ಸಾಯುತ್ತವೆ. ಸಣ್ಣದಾಗಿ ಕತ್ತರಿಸಬೇಕು.

ಹುಬ್ಳಿ_ಮಂದಿ:
ಇಷ್ಟೆಲ್ಲಾ ಬರ್ಯಾಕ ಪತ್ರಿಕಿಯೊಳಗ ಜಾಗ ಎಲ್ಲೈತ್ರೀ? ಎರಡು ಕಾಲಂ, ಹತ್ತು ಸೆಂಟಿಮೀಟರ್.

ಷರತ್ತುಗಳು_ಅನ್ವಯ:
‘ಹರಡುತ್ತಿರುವ ಕಡೆ ತುರ್ತಲ್ಲದ ಹಲ್ಲಿನ ಚಿಕಿತ್ಸೆ ಮುಂದೂಡಿ’. ಆರು ಪದ. ‘ಹಲ್ಲಿನ ಡಾಕ್ಟರ ಬಳಿ ಹೋಗಬೇಡಿ’ ನಾಲ್ಕು. ಎರಡು ಪದಕ್ಕೆ ಜಾಗ ಇಲ್ಲವೇ?

ಹುಬ್ಳಿ_ಮಂದಿ:
ಮೂರು ಕಾಲಂ ತಲೆಬರಹದಾಗ ಕೂಡಂಗಿಲ್ರೀ. ಪುಟ ಕಟ್ಟಿದವ್ರಿಗೆ ಗೊತ್ತು.

ಕೊನೆಪುಟ:
ಇಬ್ಬರೂ ಸರಿ. ಉಪಶೀರ್ಷಿಕೆಗೆ ಹಾಕಬಹುದು. ವಯಲ್ ಲೆಕ್ಕ, ಗಾಳಿಯ ಲೆಕ್ಕ, ಪ್ರಮಾಣದ ಮಾತು, ಶೇ 71ರ ಅಂಗಡಿ ಉದಾಹರಣೆ, ನಾಲ್ಕೂ ಟಿಪ್ಪಣಿಗೆ ಹೋಗುತ್ತಿವೆ. ಫೋಟೊ ಬಗ್ಗೆ ಇನ್ನೂ ಯಾರಾದರೂ ಹೇಳುವುದಿದ್ದರೆ ಹೇಳಿ.

ಏರೋಟರ್:
ಇದೆ. ದಂತವೈದ್ಯರು ಕವಾಟವಿರುವ ಎನ್‌95 ಹಾಕಿಕೊಂಡು ರೋಗಿಯ ಬಾಯಿ ಮೇಲೆ ಬಾಗಿದ ಫೋಟೊ ಹಾಕಬೇಡಿ. ಕವಾಟದಿಂದ ಅವರ ಉಸಿರು ಸೋಸದೆ ಹೊರಬರುತ್ತದೆ, ನೇರ ರೋಗಿಯ ಮುಖಕ್ಕೆ. ಗಡ್ಡದ ಮೇಲೆ ಎನ್‌95 ಹಾಕಿದ ಫೋಟೊ ಕೂಡ ಬೇಡ, ಅಂಚಿನಲ್ಲಿ ಸೋರುತ್ತದೆ.

ಕಡಲೆಕಾಯಿ:
ಕೊನೆಗೊಂದು: ವಸಡಾ, ಒಸಡಾ? ಮೇಲೆ ಎಲ್ಲರೂ ವಸಡು ಬರೆದಿದ್ದೀರಿ.

ದವಡೆಪೆಟ್ಟು:
ಎರಡೂ ಬಳಕೆಯಲ್ಲಿವೆ. ಒಂದೇ ಸುದ್ದಿಯಲ್ಲಿ ಎರಡೂ ಬೇಡ, ಅಷ್ಟೇ.

ಕೊನೆಪುಟ:
ನಮ್ಮ ಶೈಲಿಪುಸ್ತಕದಲ್ಲಿ ಒಸಡು.

ಹುಬ್ಳಿ_ಮಂದಿ:
ಶೈಲಿಪುಸ್ತಕ ಐತೇನ್ರೀ ನಿಮ್ಮಲ್ಲೆ? ಒಂದು ಪ್ರತಿ ಕಳಿಸ್ರಿ ಇತ್ತಕಡೆ.